ಅಲ್ಲಿ ಯಾರೂ ಇರ್ಲಿಲ್ವಾ?

ಶನಿವಾರ ಸಂಜೆ ಗಾಂಧಿ ಬಜಾರಿಗೆ ಹೋದ್ರೆ ನನಗೆ ಇರೋದು ಮೂರೇ ಕೆಲಸ. ಅಮ್ಮ ಹೇಳಿದ ಹೂವು ತಗೊಳ್ಳೋದು, ಅಂಕಿತದಲ್ಲಿ ಹೊಸ ಪುಸ್ತಕ ತಿರುವಿ ಹಾಕೋದು, ಆಮೇಲೆ ವಿದ್ಯಾರ್ಥಿ ಭವನದ ಮುಂದಿನ ಜನ ನೋಡಿ ಬೇಡಪ್ಪಾ ಅಂತ ಬೇರೆ ಕಡೆ ಕಾಫಿ ಕುಡಿಯೋದು. ಅವತ್ತು ಹೂವು ತಗೊಂಡು ಪುಸ್ತಕದ ಕಡೆ ಹೊರಟಾಗ ಮೇಷ್ಟ್ರು ಸಿಕ್ಕಿದ್ರು. ನಮ್ಮ ಅಮ್ಮನಿಗೆ ಪಿಯುಸಿಯಲ್ಲಿ ಕನ್ನಡ ಪಾಠ ಮಾಡಿದವರು. ಈಗ ಎಂಬತ್ತು ದಾಟಿದೆ. ನನ್ನ ಅಂಕಣಗಳನ್ನ ಮೊಮ್ಮಗನ ಕೈಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸ್ಕೊಂಡು ಓದ್ತಾರೆ, ತಪ್ಪಿದ್ರೆ ಕೆಂಪು ಪೆನ್ನಲ್ಲಿ ಗುರುತು ಮಾಡಿ ಅಮ್ಮನ ಕೈಗೆ ಕೊಟ್ಟು ಕಳಿಸ್ತಾರೆ.

"ನಿನ್ನ ಆಸ್ಟ್ರೇಲಿಯಾ ಓದ್ದೆ ಕಣಮ್ಮ. ಚೆನ್ನಾಗಿದೆ, ಬೇಗ ಓದಿಸ್ಕೊಂಡು ಹೋಗುತ್ತೆ" ಅಂದ್ರು. ನಾನು ಹಲ್ಲು ಕಿರಿದೆ. "ಒಂದು ಕೇಳ್ಬೇಕಿತ್ತು. ಎರಡು ಸಾವಿರ ಕಿಲೋಮೀಟರ್ ಹೋಗಿದೀರಲ್ಲ, ಅಲ್ಲಿ ಯಾರೂ ಇರ್ಲಿಲ್ವಾ?"

ಇದ್ರು ಮೇಷ್ಟ್ರೇ, ಆದ್ರೆ ಅದು ಮರುಭೂಮಿ ನೋಡಿ, ಜನ ಕಮ್ಮಿ ಅಂತ ಏನೋ ಹೇಳಿದೆ. ಅವರು "ಹೌದೌದು" ಅಂತ ಸುಮ್ಮನಾದ್ರು. ಪಾಠ ಮಾಡಿದವರು ಸುಮ್ಮನಾದ್ರೆ ಅದಕ್ಕೆ ಏನು ಅರ್ಥ ಅಂತ ನಿಮಗೂ ಗೊತ್ತು.

ರಾತ್ರಿ ಮನೆಗೆ ಬಂದು ನನ್ನದೇ ಬರಹವನ್ನ ಬೇರೆ ಯಾರೋ ಬರೆದದ್ದು ಅನ್ನೋ ಹಾಗೆ ಓದಿದೆ. ಎಣಿಸಿದೆ ಕೂಡ, ಆಫೀಸಿನಲ್ಲಿ ಮಾಡೋದೇ ಅದು ತಾನೆ. "ಖಾಲಿ" ಅನ್ನೋ ಪದ ಒಂಬತ್ತು ಸಲ. "ಏನೂ ಇಲ್ಲ" ಆರು ಸಲ. "ನಿರ್ಜನ" ನಾಲ್ಕು ಸಲ. ಬರಹದಲ್ಲಿ ಬರೋ ಮನುಷ್ಯರು ಯಾರು ಅಂತ ನೋಡಿದ್ರೆ ಅಕ್ಕ, ಭಾವ, ಅವರ ಮಗ, ನಾನು, ಮತ್ತೆ ಪೆಟ್ರೋಲ್ ಬಂಕಿನಲ್ಲಿ ಬಿಲ್ ಮಾಡಿದ ಜರ್ಮನ್ ಹುಡುಗಿ. ಅವಳೂ ಪ್ರವಾಸಕ್ಕೆ ಬಂದವಳೇ. ಆ ನೆಲದವರು ಒಬ್ಬರೂ ಇಲ್ಲ.

ಹಾಗಾಗಿ ಈ ವಾರ ಬೇರೆಯವರ ಪುಸ್ತಕದ ಬದಲು ನನ್ನ ಬರಹವನ್ನೇ ವಿಮರ್ಶೆಗೆ ಇಟ್ಕೊಂಡಿದೀನಿ. ಒಬ್ಬಳನ್ನೇ ಬೈಕೊಂಡು ಬಿಟ್ಟುಬಿಡೋದಿಲ್ಲ. ಕನ್ನಡದಲ್ಲಿ ಈಗ ಇಂಥ ಬರಹ, ಇಂಥ ವಿಡಿಯೋ ಕಡಿಮೆ ಏನಿಲ್ಲ. ಸಿಡ್ನಿ, ಮೆಲ್ಬರ್ನ್, ಅಡಿಲೇಡ್‌ಗಳಲ್ಲಿ ನಮ್ಮವರು ತುಂಬ ಜನ ಇದಾರೆ. ರಜೆ ಬಂದ್ರೆ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಔಟ್‌ಬ್ಯಾಕ್ ಕಡೆ ಹೊರಡ್ತಾರೆ, ಊರಿಂದ ಬಂದ ನೆಂಟರನ್ನೂ ಕರ್ಕೊಂಡು. ನಾನು ಹೋಗಿದ್ದೂ ಹಾಗೇ.

ಈ ಬರಹಗಳಿಗೆ ಒಂದು ಅಚ್ಚು ಇದೆ. ಮೊದಲು ಗಾಡಿಯ ವರ್ಣನೆ: ಎಷ್ಟು ಹಾಸಿಗೆ, ಒಲೆ ಎಲ್ಲಿ, ಫ್ರಿಜ್ ಎಷ್ಟು ದೊಡ್ಡದು, ಟಾಯ್ಲೆಟ್ ಕ್ಯಾಸೆಟ್ ಖಾಲಿ ಮಾಡೋ ಸರದಿ ಯಾರದು. ಆಮೇಲೆ ಪುಳಿಯೋಗರೆ ಗೊಜ್ಜು. ಆಮೇಲೆ ನೆಟ್ಟಗೆ ಹೋಗೋ ರಸ್ತೆ, ಮೂರು ನಾಲ್ಕು ಟ್ರೇಲರ್ ಎಳ್ಕೊಂಡು ಬರೋ ಐವತ್ತು ಮೀಟರ್ ಉದ್ದದ ರೋಡ್ ಟ್ರೇನ್ ಪಕ್ಕದಲ್ಲಿ ಹೋದಾಗ ನಮ್ಮ ಗಾಡಿ ನಡುಗಿದ್ದು. ನೊಣಗಳ ಬಗ್ಗೆ ಒಂದು ಪ್ಯಾರಾ. ರಾತ್ರಿ ನಕ್ಷತ್ರ. ಕೊನೆಗೆ ಉಲುರು ಬಂಡೆಯ ಮೇಲೆ ಸೂರ್ಯಾಸ್ತ, ಬಣ್ಣ ಬದಲಾಯಿಸಿದ್ದು, ಜೀವನ ಸಾರ್ಥಕ ಆಗಿದ್ದು. ನನ್ನದರಲ್ಲಿ ಇವೆಲ್ಲ ಇದೇ ಕ್ರಮದಲ್ಲಿ ಇವೆ.

ಅಚ್ಚಿನಲ್ಲಿ ಬರೆಯೋದು ತಪ್ಪೇನಲ್ಲ. ಇವು ಮಾಡೋ ಉಪಕಾರವೂ ಇದೆ. ಅಡಿಲೇಡಿನಿಂದ ಹೊರಟವರಿಗೆ ಗ್ಲೆಂಡಾಂಬೊ ಬಿಟ್ರೆ ಕೂಬರ್ ಪೀಡಿವರೆಗೆ ಸುಮಾರು 250 ಕಿ.ಮೀ. ಪೆಟ್ರೋಲ್ ಸಿಗಲ್ಲ, ಕತ್ತಲಾದ ಮೇಲೆ ಕಾಂಗರೂ ಅಡ್ಡ ಬರೋದ್ರಿಂದ ಬಾಡಿಗೆ ಗಾಡಿ ಓಡಿಸೋ ಹಾಗಿಲ್ಲ, ಮಣ್ಣು ರಸ್ತೆಗೆ ಇಳಿಸೋ ಹಾಗಿಲ್ಲ. ಇದನ್ನೆಲ್ಲ ಕನ್ನಡದಲ್ಲಿ ಓದಿದ್ರೆ ಅಪ್ಪ ಅಮ್ಮನಿಗೂ ಧೈರ್ಯ. ನನ್ನ ತಕರಾರು "ಏನೂ ಇಲ್ಲ" ಅನ್ನೋ ಆ ಒಂದು ಮಾತಿನ ಮೇಲೆ ಮಾತ್ರ. ಅದನ್ನ ನಾವು ನೋಡಿ ಬರೆದಿದ್ದಲ್ಲ, ನೋಡೋ ಮೊದಲೇ ಬರೆದಿಟ್ಟಿದ್ವಿ.

ಇದರಲ್ಲಿ ಗಾಡಿಯ ಪಾತ್ರ ದೊಡ್ಡದು. ಮೋಟರ್‌ಹೋಮ್ ಅಂದ್ರೆ ಮನೆಯನ್ನೇ ಬೆನ್ನಿಗೆ ಕಟ್ಕೊಂಡು ಹೋದ ಹಾಗೆ. ಟ್ಯಾಂಕಿನಲ್ಲಿ ನೀರು, ಡಬ್ಬಿಯಲ್ಲಿ ಅಕ್ಕಿ, ತಲೆ ಮೇಲೆ ಸೋಲಾರ್. ಯಾರ ಮನೆ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಒಂದು ಲೋಟ ನೀರು ಕೊಡ್ತೀರಾ, ಈ ದಾರಿ ಎಲ್ಲಿಗೆ ಹೋಗುತ್ತೆ, ರಾತ್ರಿ ಇಲ್ಲಿ ಮಲಗಬಹುದಾ ಅಂತ ಒಬ್ಬರನ್ನೂ ಕೇಳದೇ ಒಂಬತ್ತು ದಿನ ಕಳೆದ್ವಿ. ಕಿಟಕಿಯ ಅಳತೆಯಲ್ಲಿ ಎಷ್ಟು ಕಾಣುತ್ತೋ ಅಷ್ಟೇ ದೇಶ. ಒಳಗೆ ಎಲ್ಲ ಇತ್ತು, ಹೊರಗೆ ಏನೂ ಬೇಕಾಗಿರಲಿಲ್ಲ. ಹೊರಗೆ ಏನೂ ಬೇಕಾಗಿರಲಿಲ್ಲ ಅನ್ನೋದನ್ನ ಹೊರಗೆ ಏನೂ ಇಲ್ಲ ಅಂತ ಬರೆದುಬಿಟ್ಟೆ.

ನಮ್ಮ ಹಳಬರ ಪ್ರವಾಸ ಕಥನಗಳನ್ನ ಪಕ್ಕಕ್ಕೆ ಇಟ್ಟು ನೋಡಿದ್ರೆ ಈ ವ್ಯತ್ಯಾಸ ಕಾಣುತ್ತೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಮತ್ತು ಎ.ಎನ್. ಮೂರ್ತಿರಾವ್ ಇಬ್ಬರೂ ವಯಸ್ಸಾದ ಮೇಲೆ ಅಮೆರಿಕಕ್ಕೆ ಹೋದವರು. 'ಅಮೆರಿಕದಲ್ಲಿ ಗೊರೂರು'ಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೂರ್ತಿರಾಯರು ತಮ್ಮ ಪುಸ್ತಕದ ಹೆಸರಿನಲ್ಲೇ ತಮ್ಮನ್ನ 'ಅಪರವಯಸ್ಕ' ಅಂತ ಕರ್ಕೊಂಡರು. ನನಗೆ ಆ ಪದ ತುಂಬ ಇಷ್ಟ. ಬರೆಯೋನು ಯಾರು, ಎಲ್ಲಿ ನಿಂತು ನೋಡ್ತಿದಾನೆ ಅಂತ ಮೊದಲೇ ಹೇಳಿಬಿಡುತ್ತೆ ಅದು. ಬಿ.ಜಿ.ಎಲ್. ಸ್ವಾಮಿಯವರ 'ಅಮೆರಿಕದಲ್ಲಿ ನಾನು' ಓದೋವಾಗ ಇದು ಸಸ್ಯಶಾಸ್ತ್ರಜ್ಞನ ಕಣ್ಣು ಅಂತ ಮರೆಯೋಕಾಗಲ್ಲ. ತೇಜಸ್ವಿಯವರ 'ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್' ಪುಸ್ತಕದಲ್ಲಿ ಮೀನು ಹಿಡಿಯೋ ಆಸೆ ಇರೋ ಮನುಷ್ಯ ಸಮುದ್ರದ ಮುಂದೆ ನಿಂತಿದಾನೆ, ಹಾಗಾಗಿ ಸಮುದ್ರ ಅವನಿಗೆ ಬರೀ ನೀಲಿ ಬಣ್ಣ ಅಲ್ಲ. ಇವರೆಲ್ಲರಿಗೂ ಎದುರಿಗಿರೋದರಿಂದ ಏನೋ ಬೇಕಾಗಿತ್ತು. ನನಗೆ ಬೇಕಾಗಿದ್ದು ಫೋಟೋ.

ಸರಿ, ಅಲ್ಲಿ ಏನಿತ್ತು? ಅವತ್ತು ಓದದೇ ಹೋಗಿದ್ದೆ. ಮೇಷ್ಟ್ರ ಪ್ರಶ್ನೆಯ ನಂತರ ಎರಡು ತಿಂಗಳು ಓದಿದೆ.

1860ರಲ್ಲಿ ಮೆಲ್ಬರ್ನಿನಿಂದ ಬರ್ಕ್ ಮತ್ತು ವಿಲ್ಸ್ ಅನ್ನೋರ ದಂಡು ಖಂಡವನ್ನ ದಕ್ಷಿಣದಿಂದ ಉತ್ತರಕ್ಕೆ ದಾಟೋಕೆ ಹೊರಡ್ತು. ಅವರೂ ಒಂಥರಾ ಮನೆ ಕಟ್ಕೊಂಡೇ ಹೊರಟವರು. ಟನ್‌ಗಟ್ಟಲೆ ಸಾಮಾನು, ಜೊತೆಗೆ ಕರಾಚಿಯಿಂದ ಹಡಗಿನಲ್ಲಿ ಬಂದ ಒಂಟೆಗಳು. ವಾಪಸ್ ಬರೋವಾಗ, 1861ರಲ್ಲಿ, ಕೂಪರ್ಸ್ ಕ್ರೀಕ್ ದಂಡೆಯಲ್ಲಿ ಇಬ್ಬರೂ ಸತ್ತರು. ಆದರೆ ಅದು ಊಟ ಇಲ್ಲದ ಜಾಗ ಆಗಿರಲಿಲ್ಲ. ಅಲ್ಲಿ ಯಂದ್ರುವಂದ ಜನ ಬದುಕ್ತಾ ಇದ್ರು, ಮೀನು ಕೊಟ್ಟರು, ನಾರ್ಡೂ ಅನ್ನೋ ಜರಿಗಿಡದ ಬೀಜದಂಥ ಕಾಯಿಯ ಹಿಟ್ಟು ಕೊಟ್ಟರು. ಒಂದು ಹಂತದಲ್ಲಿ ಬರ್ಕ್ ಅವರ ಕಡೆಗೇ ಗುಂಡು ಹಾರಿಸಿ ಓಡಿಸಿದ. ಆಮೇಲೆ ಈ ಬಿಳಿಯರು ತಾವೇ ನಾರ್ಡೂ ಕುಟ್ಟಿ ತಿಂದರು, ಹೊಟ್ಟೆ ತುಂಬಿತು, ದೇಹ ಮಾತ್ರ ಸೊರಗುತ್ತಾ ಹೋಯ್ತು. ಆ ಕಾಯಿಯನ್ನ ಸರಿಯಾಗಿ ಹದ ಮಾಡದಿದ್ರೆ ಅದು ದೇಹದಲ್ಲಿರೋ ಬಿ1 ಜೀವಸತ್ವವನ್ನ ಹಾಳು ಮಾಡುತ್ತೆ. ಹದ ಗೊತ್ತಿದ್ದವರು ಪಕ್ಕದಲ್ಲೇ ಇದ್ರು. ಬದುಕಿ ಉಳಿದವನು ಜಾನ್ ಕಿಂಗ್ ಒಬ್ಬ, ಅವನು ಉಳಿದಿದ್ದು ಯಂದ್ರುವಂದರ ಜೊತೆ ಹೋಗಿ ಸೇರಿಕೊಂಡಿದ್ದಕ್ಕೆ.

ನಮ್ಮಲ್ಲಿ ಸುವರ್ಣಗೆಡ್ಡೆ ಹುಳಿಗೆ ಹುಣಸೆ ಹಾಕದೇ ಗಂಟಲು ಕೆರ್ಕೊಂಡವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಗೆಡ್ಡೆ ಸಿಕ್ಕಿದ್ರೆ ಸಾಲದು, ಅದನ್ನ ಬೇಯಿಸೋದು ಗೊತ್ತಿರೋ ಅಜ್ಜಿನೂ ಸಿಗಬೇಕು.

ಇನ್ನೊಂದು ಸಂಗತಿ ನನ್ನನ್ನ ಇನ್ನೂ ಹೆಚ್ಚು ನಾಚಿಸ್ತು. ಆ ಒಂಟೆಗಳ ಜೊತೆ ಬಂದ ಜನರನ್ನ ಆಸ್ಟ್ರೇಲಿಯಾದಲ್ಲಿ 'ಅಫ್ಘನ್ನರು' ಅಂತ ಒಂದೇ ಹೆಸರಲ್ಲಿ ಕರೆದುಬಿಟ್ರು. ಅಫ್ಘಾನಿಸ್ತಾನದವರಷ್ಟೇ ಅಲ್ಲ, ಬಲೂಚಿಸ್ತಾನ, ಸಿಂಧ್, ಪಂಜಾಬ್ ಕಡೆಯವರೂ ಅದರಲ್ಲಿ ಇದ್ರು. ಮುಂದಿನ ದಶಕಗಳಲ್ಲಿ ರೈಲು, ಲಾರಿ ಬರೋವರೆಗೂ ಆ ಮರುಭೂಮಿಗೆ ಹಿಟ್ಟು, ತಂತಿ, ಉಣ್ಣೆ ಸಾಗಿಸಿದ್ದು ಇವರ ಒಂಟೆಗಳೇ. ಅಡಿಲೇಡಿನಿಂದ ಡಾರ್ವಿನ್‌ಗೆ ಹೋಗೋ ರೈಲಿಗೆ ಇವತ್ತಿಗೂ 'ದಿ ಘಾನ್' ಅನ್ನೋ ಹೆಸರಿದೆ. ನನ್ನ ಬರಹದಲ್ಲಿ ಆ ರೈಲಿನ ಬಗ್ಗೆ "ದುಬಾರಿ ಟಿಕೆಟ್" ಅಂತ ಒಂದು ಸಾಲು ಇದೆ.

ಬ್ರೋಕನ್ ಹಿಲ್ ಅನ್ನೋ ಗಣಿ ಊರಿನಲ್ಲಿ ಈ ಒಂಟೆಯವರು ಕಟ್ಟಿದ ತಗಡಿನ ಸಣ್ಣ ಮಸೀದಿ ಇದೆ. ಅಲ್ಲಿ ಒಂದು ಹಳೇ ಪುಸ್ತಕ ಇತ್ತು, ಕುರಾನ್ ಅಂತ ಅದರ ಮೇಲೆ ಗುರುತು. ಸಮಿಯಾ ಖಾತೂನ್ ಅನ್ನೋ ಇತಿಹಾಸಕಾರ್ತಿ ಹೋಗಿ ತೆರೆದು ನೋಡಿದ್ರೆ ಅದು ಕುರಾನ್ ಅಲ್ಲ, 'ಕಸಸೋಲ್ ಅಂಬಿಯಾ' ಅನ್ನೋ ಬಂಗಾಳಿ ಪದ್ಯಗ್ರಂಥ, ಪ್ರವಾದಿಗಳ ಕಥೆಗಳು. ಅವರ 'ಆಸ್ಟ್ರೇಲಿಯಾನಾಮಾ' 2018ರಲ್ಲಿ ಬಂತು, ಶುರುವಾಗೋದೇ ಈ ಪುಸ್ತಕದಿಂದ. ವರ್ಷಗಟ್ಟಲೆ ಅದನ್ನ ಗಾಜಿನಾಚೆಯಿಂದ ನೋಡಿದವರು ಇದ್ರು, ಬಂಗಾಳಿ ಓದಿದವರು ಇರಲಿಲ್ಲ. ನಾನು ಹೋದ ದಾರಿಯಲ್ಲಿ ಬ್ರೋಕನ್ ಹಿಲ್ ಬರಲ್ಲ, ಅದು ನೆಪ ಆಗಬಹುದು. ಆದರೆ ನೂರು ವರ್ಷದ ಹಿಂದೆಯೇ ಈ ಕಡೆಯ ಯಾರೋ ಒಬ್ಬರು ಆ ಮರುಭೂಮಿಗೆ ಪುಸ್ತಕ ಹೊತ್ಕೊಂಡು ಹೋಗಿದ್ರು ಅಂತ ಗೊತ್ತಿಲ್ಲದೇ, "ಭಾರತೀಯರು ಅಪರೂಪವಾಗಿ ಕಾಲಿಡುವ ನೆಲ" ಅಂತ ನಾನು ಬರೆದಿದ್ದು ನೆಪಕ್ಕೆ ಸಿಗಲ್ಲ.

ಸಿನಿಮಾಗಳು ಈ ವಿಷಯದಲ್ಲಿ ನಮಗಿಂತ ಮುಂದಿವೆಯಾ ಅಂತ ಮೂರು ನೋಡಿದೆ. ಸ್ಟೀಫನ್ ಎಲಿಯಟ್‌ನ 'ಪ್ರಿಸಿಲ್ಲಾ, ಕ್ವೀನ್ ಆಫ್ ದಿ ಡೆಸರ್ಟ್' 1994ರದು. ಹೆಣ್ಣುಡುಗೆ ತೊಟ್ಟು ವೇದಿಕೆಯಲ್ಲಿ ಕುಣಿಯೋ ಮೂವರು ಒಂದು ಬಸ್ಸಿನಲ್ಲಿ ಸಿಡ್ನಿಯಿಂದ ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗೋ ಕಥೆ, ಮೋಟರ್‌ಹೋಮ್ ಪ್ರವಾಸಗಳ ತಾಯಿ ಅಂತಲೇ ಹೇಳಬಹುದು. ಅದರಲ್ಲಿ ಬಸ್ಸು ಕೆಟ್ಟು ನಿಲ್ಲುತ್ತೆ. ಕೆಟ್ಟು ನಿಂತ ಮೇಲೆಯೇ ಅವರಿಗೆ ರಾತ್ರಿ ಬೆಂಕಿ ಹಾಕ್ಕೊಂಡು ಕೂತ ಮೂಲನಿವಾಸಿಗಳು ಸಿಗೋದು, ಒಟ್ಟಿಗೆ ಹಾಡಿ ಕುಣಿಯೋದು. ದೃಶ್ಯ ಚೆನ್ನಾಗಿದೆ, ಆದರೆ ಬೆಳಗಾದ ಮೇಲೆ ಕಥೆ ಅವರನ್ನ ಬಿಟ್ಟು ಮುಂದೆ ಹೋಗಿಬಿಡುತ್ತೆ. ನಿಕೊಲಸ್ ರೋಗ್‌ನ 'ವಾಕಬೌಟ್' 1971ರದು. ಮರುಭೂಮಿಯಲ್ಲಿ ದಿಕ್ಕು ತಪ್ಪಿದ ಇಬ್ಬರು ಬಿಳಿ ಮಕ್ಕಳನ್ನ ಒಬ್ಬ ಮೂಲನಿವಾಸಿ ಹುಡುಗ ಉಳಿಸ್ತಾನೆ. ಆ ಹುಡುಗನ ಪಾತ್ರ ಮಾಡಿದ ಡೇವಿಡ್ ಗುಲ್ಪಿಲಿಲ್‌ಗೆ ಅದು ಮೊದಲ ಸಿನಿಮಾ. ಅವನು ತನ್ನ ಭಾಷೆಯಲ್ಲಿ ಮಾತಾಡ್ತಾನೆ, ಸಿನಿಮಾ ಅದಕ್ಕೆ ಸಬ್‌ಟೈಟಲ್ ಕೊಡಲ್ಲ. ನೋಡುವವರು ಆ ಹುಡುಗಿಯಷ್ಟೇ ಕಿವುಡರು. ಇದು ನಿರ್ದೇಶಕನ ಪ್ರಾಮಾಣಿಕತೆಯಾ ಸೋಮಾರಿತನವಾ ಅಂತ ನನಗೆ ಇನ್ನೂ ತೀರ್ಮಾನ ಮಾಡೋಕಾಗಿಲ್ಲ.

ಮೂರನೆಯದು 'ಟ್ರ್ಯಾಕ್ಸ್', 2013ರದು. ರಾಬಿನ್ ಡೇವಿಡ್‌ಸನ್ ಅನ್ನೋ ಹೆಂಗಸು 1977ರಲ್ಲಿ ನಾಲ್ಕು ಒಂಟೆ, ಒಂದು ನಾಯಿ ಜೊತೆ ಆಲಿಸ್ ಸ್ಪ್ರಿಂಗ್ಸ್ ಕಡೆಯಿಂದ ಹಿಂದೂ ಮಹಾಸಾಗರದವರೆಗೆ ಸುಮಾರು 2,700 ಕಿ.ಮೀ. ನಡೆದ ಕಥೆ. ಅವರದೇ ಪುಸ್ತಕ ಮೊದಲು ಬಂದಿತ್ತು. ನನಗೆ ಇದೇ ಹೆಚ್ಚು ಹಿಡಿಸ್ತು, ಕಾರಣ ಸರಳ. ಹೊರಡೋ ಮೊದಲು ಅವಳು ಒಂಟೆ ಪಳಗಿಸೋದನ್ನ ಕಲಿತಾಳೆ, ಕಲಿಸಿದವರಲ್ಲಿ ಒಬ್ಬರು ಆ 'ಅಫ್ಘನ್' ಒಂಟೆಯವರ ವಂಶದವರು. ದಾರಿಯಲ್ಲಿ ಕೆಲವು ಪವಿತ್ರ ಜಾಗಗಳ ಮೂಲಕ ಹೆಣ್ಣೊಬ್ಬಳು ಒಂಟಿಯಾಗಿ ಹೋಗೋ ಹಾಗಿಲ್ಲ ಅಂತ ಗೊತ್ತಾದಾಗ ಪಿಟ್ಜಂಟ್ಜಾರಾ ಜನರ ಹಿರಿಯರೊಬ್ಬರು ಜೊತೆಗೆ ಬರ್ತಾರೆ. ಅಂದ್ರೆ ಅವಳು ಕೇಳ್ತಾಳೆ, ಅವರು ಹೇಳ್ತಾರೆ. ಮೇಷ್ಟ್ರ ಪ್ರಶ್ನೆಯನ್ನ ಈ ಪುಸ್ತಕಕ್ಕೆ ಕೇಳಿದ್ರೆ ಉತ್ತರ ಇದೆ.

ಈಗ ನೀವು ಕೇಳಬಹುದು: ರಜೆಗೆ ಹೋಗಿ ಬಂದು ನಾಲ್ಕು ಸಾಲು ಬರೆದ್ರೆ ಇಷ್ಟೊಂದು ಯಾಕೆ ಮೈ ಮೇಲೆ ಹಾಕ್ಕೋಬೇಕು? ಖಾಲಿ ಅಂದ್ರೆ ಖಾಲಿ, ಕವಿತೆಯ ಹಾಗೆ ಒಂದು ಮಾತು, ಬಿಟ್ಹಾಕಿ. ನಾನೂ ಹಾಗೇ ಅಂದ್ಕೊಂಡಿದ್ದೆ. ಆದರೆ ಆ ದೇಶದಲ್ಲಿ ಅದು ಕವಿತೆಯ ಮಾತಾಗಿರಲಿಲ್ಲ, ಕಾನೂನಾಗಿತ್ತು. ಯಾರಿಗೂ ಸೇರದ ನೆಲ ಅನ್ನೋ ಲೆಕ್ಕದಲ್ಲೇ ಬ್ರಿಟಿಷರು ಅದನ್ನ ತಮ್ಮದು ಮಾಡ್ಕೊಂಡಿದ್ದು. ಆ ಲೆಕ್ಕ ಸುಳ್ಳು ಅಂತ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಮಾಬೊ ಪ್ರಕರಣದಲ್ಲಿ ಹೇಳಿದ್ದು 1992ರ ಜೂನ್ 3ಕ್ಕೆ. ನಾವು ಹೋದ ಹೆದ್ದಾರಿ ವೂಮೆರಾ ಅನ್ನೋ ನಿಷೇಧಿತ ಪ್ರದೇಶದ ಒಳಗೇ ಹಾದು ಹೋಗುತ್ತೆ, ಎರಡನೇ ಮಹಾಯುದ್ಧದ ನಂತರ ರಾಕೆಟ್ ಪರೀಕ್ಷೆಗೆ ತೆಗೆದಿಟ್ಟ ನೆಲ ಅದು. ರಸ್ತೆ ಬಿಟ್ಟು ಇಳೀಬೇಡಿ ಅಂತ ಬೋರ್ಡು ಇದೆ. ಆ ಬೋರ್ಡಿನ ಮುಂದೆ ನಿಂತು ನಾವು ನಾಲ್ಕು ಜನ ಸೆಲ್ಫಿ ತಗೊಂಡ್ವಿ. ಅಲ್ಲಿಂದ ಪಶ್ಚಿಮಕ್ಕೆ ಮರಲಿಂಗದಲ್ಲಿ ಬ್ರಿಟನ್ 1956, 1957ರಲ್ಲಿ ಅಣುಬಾಂಬುಗಳನ್ನ ಸಿಡಿಸಿತು. ಜನ ಇಲ್ಲದ ಜಾಗ ಅನ್ನೋದೇ ಆಯ್ಕೆಗೆ ಕಾರಣ. ಜನ ಇದ್ರು. ಅವರನ್ನ ಮೊದಲೇ ದಕ್ಷಿಣದ ಯಲಾಟಾಗೆ ಸಾಗಿಸಿದ್ರು.

ನಮ್ಮ ಕನ್ನಡದಲ್ಲಿ ಇದಕ್ಕೆ ಸರಿಯಾದ ಕ್ರಿಯಾಪದ ಇದೆ. ಖಾಲಿ ಮಾಡಿಸೋದು. ಮನೆ ಖಾಲಿ ಮಾಡಿಸಿದ್ರು, ಫುಟ್‌ಪಾತ್ ಖಾಲಿ ಮಾಡಿಸಿದ್ರು ಅಂತೀವಲ್ಲ. ಗಾಂಧಿ ಬಜಾರಿನ ಮುಖ್ಯರಸ್ತೆಯನ್ನ ಹೊಸದು ಮಾಡೋಕೆ ಅಗೆದಿದ್ದ ದಿನಗಳಲ್ಲಿ ಯಾರಾದ್ರೂ ಬಂದು ಫೋಟೋ ತೆಗೆದಿದ್ರೆ ಇಲ್ಲೂ ಖಾಲಿ ಅಂತಲೇ ಬರೀತಿದ್ರು. ಆದರೆ ನಮಗೆ ಗೊತ್ತು, ಈ ಕಂಬದ ಕೆಳಗೆ ಮಲ್ಲಿಗೆ ಮಾರೋ ಅಮ್ಮ ಕೂರೋದು, ಆ ತಿರುವಿನಲ್ಲಿ ಅವರೆಕಾಯಿ ರಾಶಿ ಬೀಳೋದು, ಇಲ್ಲಿ ಬಾಳೆ ಎಲೆ. ನಿಸಾರ್ ಅಹಮದ್ ಅವರ ಮೊದಲ ಕವನ ಸಂಕಲನದ ಹೆಸರು 'ಮನಸು ಗಾಂಧಿಬಜಾರು', 1960ರದು. ಮನಸ್ಸಿಗೆ ಹೋಲಿಸೋವಷ್ಟು ತುಂಬಿದ ಜಾಗ ಇದು. ತುಂಬಿದ್ದು ಗೊತ್ತಿದ್ದವರಿಗೆ ಮಾತ್ರ ಖಾಲಿ ಮಾಡಿಸಿದ್ದು ಕಾಣೋದು.

ಇನ್ನೊಂದು ಪದ ನಮ್ಮ ವಯಸ್ಸಿನವರಿಗೆಲ್ಲ ಬಾಯಿಪಾಠ. ಸೈಟೋ ಫ್ಲಾಟೋ ನೋಡೋಕೆ ಹೋದವರು ವಕೀಲರ ಹತ್ರ ಮೊದಲು ಕೇಳೋದು, "ಸರ್, ಬಿ ಖರಾಬು ಏನಾದ್ರೂ ಇದೆಯಾ?" ಖರಾಬು ಅಂದ್ರೆ ಕೆಟ್ಟದ್ದು. ಕಂದಾಯ ಹುಟ್ಟದ ನೆಲ ಕೆಟ್ಟ ನೆಲ ಅಂತ ಹಳೇ ಲೆಕ್ಕ. ಬಿ ಖರಾಬಿನಲ್ಲಿ ಏನಿರುತ್ತೆ ಅಂತ ನೋಡಿ: ಹಳ್ಳ, ಕಾಲುದಾರಿ, ಸ್ಮಶಾನ. ಅಂದ್ರೆ ಊರಿನವರೆಲ್ಲ ದಿನಾ ಬಳಸೋ ಜಾಗ. ಮಳೆ ಬಂದಾಗ ನಮ್ಮ ಔಟರ್ ರಿಂಗ್ ರೋಡಿನ ಆಫೀಸುಗಳ ಮುಂದೆ ನೀರು ನಿಲ್ಲೋದು ಯಾಕೆ ಅನ್ನೋದಕ್ಕೆ ಅರ್ಧ ಉತ್ತರ ಈ ಪದದಲ್ಲೇ ಇದೆ.

ಹೋದ ತಿಂಗಳು ಗೆಳತಿಯರ ಜೊತೆ ಹಂಪಿಗೆ ಹೋಗೋವಾಗ ಹಿರಿಯೂರಿನಿಂದ ಚಳ್ಳಕೆರೆ, ಬಳ್ಳಾರಿ ದಾರಿ ಹಿಡಿಸಿದೆ. ಬೇಕು ಅಂತಲೇ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳ ಬಗ್ಗೆ ಓದಿದ್ದೆ. ಮೈಸೂರು ಅರಸರ ಕಾಲದ ದನಗಳ ಹುಲ್ಲುಗಾವಲು, ಸುತ್ತಲ ಹಳ್ಳಿಗಳ ಕುರಿ ದನ ತಲೆಮಾರುಗಳಿಂದ ಮೇಯ್ದ ನೆಲ, ಕೃಷ್ಣಮೃಗಗಳು ಇರೋ ನೆಲ. 2009ರ ಸುಮಾರಿನಿಂದ ಇದರಲ್ಲಿ ಸಾವಿರಾರು ಎಕರೆಯನ್ನ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಬಾರ್ಕ್, ಇಸ್ರೋ ಇವುಗಳಿಗೆ ಕೊಟ್ಟರು. ಬೇಲಿ, ಗೋಡೆ ಬಂತು. ಕುರಿಗಾಹಿಗಳು ಪ್ರತಿಭಟನೆ ಮಾಡಿದ್ರು, ವಿಷಯ ಹಸಿರು ನ್ಯಾಯಮಂಡಳಿಗೂ ಹೋಯ್ತು. ದೇಶಕ್ಕೆ ವಿಮಾನ ಪರೀಕ್ಷೆಗೆ ಜಾಗ ಬೇಡ್ವಾ ಅಂತ ಕೇಳಿದ್ರೆ ಬೇಕು, ನಾನು ಓದಿದ ಕಾಲೇಜಿನ ಅರ್ಧ ಜನ ಅಂಥ ಸಂಸ್ಥೆಗಳಲ್ಲೇ ಇದಾರೆ. ಆದರೆ ಅದು 'ಪಾಳು ನೆಲ' ಅಂತ ಹೇಳಿದ್ದು ಮಾತ್ರ ಸುಳ್ಳು. ಹಳಬರು ಅದಕ್ಕೆ ಇಟ್ಟ ಹೆಸರೇ ಕಾವಲು. ಯಾರೋ ಕಾಯ್ತಾ ಇದ್ದ ಜಾಗ ಅದು.

ದಾರಿಯಲ್ಲಿ ಹಿಂದಿನ ಸೀಟಿನ ಗೆಳತಿ ಕಿಟಕಿ ಕಡೆ ನೋಡಿ, "ಎಷ್ಟು ಖಾಲಿ ಇದೆ ಅಲ್ವೇನೇ, ಔಟ್‌ಬ್ಯಾಕ್ ಥರ" ಅಂದ್ಳು. ನನ್ನ ಬರಹ ಓದಿ ಬಂದ ಮಾತು ಅದು. ಬರಹದಿಂದ ಏನೂ ಆಗಲ್ಲ ಅನ್ನೋರಿಗೆ ಇದನ್ನ ಹೇಳಬೇಕು ಅನ್ನಿಸ್ತು. ನನ್ನ ಪದ ಅಡಿಲೇಡಿನಿಂದ ಹೊರಟು ಚಿತ್ರದುರ್ಗ ಜಿಲ್ಲೆಗೆ ಬಂದು ಕೂತಿತ್ತು.

ಕನ್ನಡಕ್ಕೆ ಬೇರೆ ಪದ ಇಲ್ಲದೇ ಏನಿಲ್ಲ. ಬಯಲು ಅಂತ ಇದೆ. ಬಯಲುಸೀಮೆ ಅಂದಾಗ ನಾವು ಜನ ಇಲ್ಲದ ಸೀಮೆ ಅಂತ ಅರ್ಥ ಮಾಡ್ಕೊಳ್ಳಲ್ಲ. ಬಯಲಾಟಕ್ಕೆ ಊರೇ ಸೇರುತ್ತೆ. ಗುಟ್ಟು ಬಯಲಾಯ್ತು ಅಂದ್ರೆ ಎಲ್ಲರಿಗೂ ಕಂಡಿತು ಅಂತ. ವಚನಕಾರರಿಗೆ ಬಯಲು ಅನ್ನೋದು ಕೊನೆಯ ಮಾತು. ಅಲ್ಲಮನನ್ನ ಓದಿದ ಭಾಷೆಯವರು ಅಷ್ಟು ದೊಡ್ಡ ನೆಲದ ಮುಂದೆ ನಿಂತು "ಖಾಲಿ" ಅಂತ ಬರೆದ್ವಿ ಅಂದ್ರೆ, ಅದು ಇಂಗ್ಲಿಷ್ ಬ್ರೋಷರಿನಿಂದ ತಗೊಂಡ ಕಣ್ಣು.

ಮೇಷ್ಟ್ರಿಗೆ ಅವತ್ತು ನಾನು ಕೊಟ್ಟ ಉತ್ತರ ಅರ್ಧ. ಉಳಿದ ಅರ್ಧ ಇಲ್ಲಿದೆ, ನನ್ನ ಹಳೇ ಬರಹದಲ್ಲಿ ಇಲ್ಲ. ಪ್ರವಾಸದ ಕೊನೆಯ ದಿನ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಗಾಡಿ ವಾಪಸ್ ಕೊಡೋ ಮೊದಲು ಹಾಲು ತಗೊಳ್ಳೋಕೆ ನಿಲ್ಲಿಸಿದ್ವಿ. ಟಾಡ್ ಅನ್ನೋ ನದಿ ಊರಿನ ನಡುವೆ ಹೋಗುತ್ತೆ, ಹೆಚ್ಚಿನ ದಿನ ಬರೀ ಮರಳು. ಆ ಮರಳಿನಲ್ಲಿ, ಮರದ ನೆರಳಿನಲ್ಲಿ ಹತ್ತು ಹದಿನೈದು ಜನ ಮೂಲನಿವಾಸಿಗಳು ಕೂತಿದ್ರು. ಹೆಂಗಸರು, ಮಕ್ಕಳು, ಒಂದು ನಾಯಿ. ಒಬ್ಬ ಅಜ್ಜಿ ನಮ್ಮ ಗಾಡಿ ಕಡೆ ನೋಡಿದರು. ಭಾವ ಮೆಲ್ಲಗೆ "ಲಾಕ್ ಮಾಡ್ಕೊಳ್ಳಿ" ಅಂದ್ರು. ಭಾವ ಒಳ್ಳೆಯವರು, ಅಲ್ಲಿ ಇರೋರೆಲ್ಲ ಹಾಗೇ ಮಾಡ್ತಾರೆ ಅಂತ ಅವರಿಗೂ ಯಾರೋ ಹೇಳಿರ್ತಾರೆ. ಬಟನ್ ಒತ್ತಿದ್ದು ನಾನು. ನಾಲ್ಕು ಬಾಗಿಲೂ ಒಟ್ಟಿಗೆ ಟಕ್ ಅಂತು. ಆ ಸದ್ದು ಹೊರಗೆ ಕೇಳಿಸಿರುತ್ತೆ.

ಒಂಬತ್ತು ದಿನದಲ್ಲಿ ಅಷ್ಟು ಹತ್ತಿರದಿಂದ ಆ ನೆಲದವರು ಸಿಕ್ಕಿದ್ದು ಅದೊಂದೇ ಸಲ. ಆಮೇಲೆ ಏರ್‌ಪೋರ್ಟಿನಲ್ಲಿ ಕೂತು "ನಿರ್ಜನ" ಅಂತ ಬರೆದೆ.

ಉಲುರು ಬಗ್ಗೆಯೂ ಒಂದು ತಿದ್ದುಪಡಿ. ಆ ಬಂಡೆಯನ್ನ 1873ರಲ್ಲಿ ಗಾಸ್ ಅನ್ನೋ ಸರ್ವೇಯರ್ ಕಂಡು ಏರ್ಸ್ ರಾಕ್ ಅಂತ ಹೆಸರಿಟ್ಟ ಅಂತ ನಾನು ಬರೆದಿದ್ದೆ. ಅದರ ಹೆಸರು ಅದಕ್ಕೂ ಮೊದಲೇ ಉಲುರು. 1985ರ ಅಕ್ಟೋಬರ್ 26ಕ್ಕೆ ಸರ್ಕಾರ ಅದನ್ನ ಅನಂಗು ಜನರಿಗೆ ವಾಪಸ್ ಕೊಟ್ಟಿತು, ಅವರು ರಾಷ್ಟ್ರೀಯ ಉದ್ಯಾನಕ್ಕೆ ಗುತ್ತಿಗೆಗೆ ಕೊಟ್ಟಿದಾರೆ. ಹತ್ತಬೇಡಿ ಅಂತ ಅವರು ಎಷ್ಟೋ ವರ್ಷ ಕೇಳ್ಕೊಂಡ ಮೇಲೆ 2019ರ ಅದೇ ತಾರೀಕಿಗೆ ಹತ್ತೋದು ಪೂರ್ತಿ ನಿಂತಿತು. ಸುತ್ತ ಹತ್ತೂವರೆ ಕಿ.ಮೀ. ಹತ್ತಿರ ನಡೆಯೋ ದಾರಿಯಲ್ಲಿ ಕೆಲವು ಕಡೆ ಫೋಟೋ ತೆಗೀಬೇಡಿ, ಇದು ನಮಗೆ ಪವಿತ್ರ ಅಂತ ಬೋರ್ಡು ಇದೆ. ಓದಿದೆ. ದೊಡ್ಡ ಬಸವನ ಗುಡಿಯ ಗರ್ಭಗುಡಿ ಮುಂದೆ ಯಾರಾದ್ರೂ ಮೊಬೈಲ್ ಎತ್ತಿದ್ರೆ ಕಣ್ಣು ಬಿಡೋ ನಾನು, ಅಲ್ಲಿ ಬೋರ್ಡು ದಾಟಿ ಎರಡು ಹೆಜ್ಜೆ ಹೋಗಿ ಮೂರು ಫೋಟೋ ತೆಗೆದೆ. ಅದರಲ್ಲೊಂದು ಬರಹದ ಜೊತೆ ಹೋಗಿತ್ತು. ಈಗ ತೆಗೆದಿದೀನಿ. ನೋಡಿದವರು ನೋಡಿಯಾಗಿದೆ.

ಹಳೇ ಬರಹವನ್ನ ಅಳಿಸಿಲ್ಲ. ಅಳಿಸಿದ್ರೆ ನಾನು ಹಾಗೆ ಬರೆದೇ ಇರಲಿಲ್ಲ ಅನ್ನೋ ಹಾಗಾಗುತ್ತೆ, ಅದೂ ಒಂಥರಾ ಖಾಲಿ ಮಾಡಿಸೋದೇ. ಈ ಬರಹವನ್ನ ಮೇಷ್ಟ್ರಿಗೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿ ನಾನೇ ಕೊಟ್ಟು ಬಂದೆ. ಎರಡು ದಿನ ಬಿಟ್ಟು ಅಮ್ಮನ ಕೈಲಿ ವಾಪಸ್ ಬಂತು. ಎರಡು ಕಡೆ ಕೆಂಪು ಗುರುತು, ಎರಡೂ ಕಾಗುಣಿತದ ತಪ್ಪು. ಕೊನೆ ಪುಟದ ಅಂಚಿನಲ್ಲಿ ಒಂದು ಸಾಲು: "ಆ ಅಜ್ಜಿಯ ಬಗ್ಗೆ ಇನ್ನೂ ಸ್ವಲ್ಪ ಬರೀಬಹುದಿತ್ತು."

ಬರೀಬಹುದಿತ್ತು ಮೇಷ್ಟ್ರೇ. ನನಗೆ ಗೊತ್ತಿರೋದು ಅಷ್ಟೇ.